ಕಾಮಿಕ್ಸಿಗೆ ಯಾವ ಹೊದಿಕೆ?

ಹಲಸೂರಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು. ಅದರೊಳಗೆ ಅಣ್ಣ ಶಾಲೆಯ ದಿನಗಳಲ್ಲಿ ಕೂಡಿಟ್ಟ ನಲವತ್ತಮೂರು ಕನ್ನಡ ಇಂದ್ರಜಾಲ ಕಾಮಿಕ್ಸ್. ಪ್ರತಿಯೊಂದರ ಮುಖಪುಟದ ಮೇಲೂ ನೀಲಿ ಬಾಲ್‌ಪೆನ್ನಿನಲ್ಲಿ ಅವನ ಹೆಸರು, ತರಗತಿ, ಸೆಕ್ಷನ್. ಅಣ್ಣ ತೀರಿಕೊಂಡ ಮೇಲೆ ಇವನ್ನು ಜೋಪಾನ ಮಾಡಬೇಕೆಂದು ಶಿವಾಜಿನಗರಕ್ಕೆ ಹೋಗಿ ಮೆತ್ತನೆಯ ದಪ್ಪ ಪ್ಲಾಸ್ಟಿಕ್ ಕವರುಗಳನ್ನು ತಂದೆ. ಒಂದೊಂದನ್ನೂ ಕವರಿಗೆ ಹಾಕಿ, ಟ್ರಂಕಿನ ಮೂಲೆಗಳಲ್ಲಿ ನುಸಿಗುಳಿಗೆ ಇಟ್ಟು ಮುಚ್ಚಿದೆ. ಎರಡು ಮಳೆಗಾಲ ಕಳೆದು ತೆರೆದರೆ ಕವರುಗಳು ಜಿಗುಟಾಗಿದ್ದವು. ಒಂದು ಪುಸ್ತಕವನ್ನು ಹೊರಗೆಳೆದಾಗ ಮುಖಪುಟದ ಬಣ್ಣದ ಜೊತೆ ಅಣ್ಣನ ಹೆಸರಿನ ಎರಡು ಅಕ್ಷರಗಳೂ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದವು.

ತಪ್ಪು ಅಂಗಡಿಯವರದಲ್ಲ, ನನ್ನದು. ಆ ಕವರು ಪಿವಿಸಿ. ಪಿವಿಸಿ ಮೂಲತಃ ಗಡಸು. ಅದನ್ನು ಮೆದುವಾಗಿಸಲು ಎಣ್ಣೆಯಂಥ ದ್ರವ ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಆ ದ್ರವ ಹೊರಗೆ ಒಸರುತ್ತದೆ, ಪ್ಲಾಸ್ಟಿಕ್ ಹಳಸಿದಂತೆ ಆಮ್ಲವನ್ನೂ ಬಿಡುತ್ತದೆ. ಫೈಲಿನಲ್ಲಿಟ್ಟ ಮಾರ್ಕ್ಸ್‌ಕಾರ್ಡಿನ ಜೆರಾಕ್ಸು ಹಾಳೆಗೆ ಅಂಟಿ, ಅಕ್ಷರಗಳು ಉಲ್ಟಾ ಮೂಡಿದ್ದನ್ನು ನೋಡದವರು ಯಾರು? ನೋಡಿದ್ದೂ ನನಗೆ ಹೊಳೆಯಲಿಲ್ಲ. ಇದಕ್ಕಿಂತ ಅಂಗಿ, ಸೀರೆ ಹಾಕಿಕೊಡುವ, ಮುಟ್ಟಿದರೆ ಚರಚರ ಎನ್ನುವ ಅಗ್ಗದ ಪಾಲಿಪ್ರೊಪಿಲೀನ್ ಕವರೇ ವಾಸಿ. ಎಲ್ಲಕ್ಕಿಂತ ಮೇಲಿನದು ಪಾಲಿಯೆಸ್ಟರ್ ಹಾಳೆ. ಸಂಗ್ರಹಕಾರರು ಡುಪಾಂಟ್ ಕಂಪನಿ ಇಟ್ಟ ಹೆಸರಿನಿಂದ ಅದನ್ನು ಮೈಲಾರ್ ಎನ್ನುತ್ತಾರೆ. ಅದರಲ್ಲಿ ಒಸರುವ ದ್ರವವಿಲ್ಲ. ಬೆಲೆ ಮಾತ್ರ ಹೆಚ್ಚು. ಪುಸ್ತಕ ಬಾಗದಂತೆ ಹಿಂದೆ ಇಡುವ ರಟ್ಟೂ ಆಮ್ಲರಹಿತವಾಗಿರಬೇಕು. ಹೊಸ ಅಂಗಿಯೊಳಗೆ ಬರುವ ಬೂದು ರಟ್ಟು ಕೆಲವೇ ವರ್ಷಗಳಲ್ಲಿ ತನ್ನ ಕಂದು ಬಣ್ಣವನ್ನು ಪುಸ್ತಕಕ್ಕೂ ದಾಟಿಸುತ್ತದೆ.

ಇಷ್ಟು ತಿಳಿದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಕಾಮಿಕ್ಸಿನ ಶತ್ರು ಹೊರಗಿಗಿಂತ ಒಳಗೇ ಹೆಚ್ಚು. ನ್ಯೂಸ್‌ಪ್ರಿಂಟ್ ಎಂದರೆ ಮರವನ್ನು ಅರೆದು ಮಾಡಿದ ಕಾಗದ. ಮರದ ಲಿಗ್ನಿನ್ ಅದರಲ್ಲೇ ಉಳಿದಿರುತ್ತದೆ, ಬೆಳಕು ಗಾಳಿ ತಾಗಿ ಹಳದಿಯಾಗುತ್ತದೆ, ಆಮ್ಲ ಕಾಗದದೊಳಗೇ ಹುಟ್ಟುತ್ತದೆ. ಇಂಥ ಕಾಗದವನ್ನು ಪಾಲಿಯೆಸ್ಟರಿನಲ್ಲಿ ಗಾಳಿಯಾಡದಂತೆ ಮುಚ್ಚಿದರೆ ಅದು ಇನ್ನೂ ಬೇಗ ಶಿಥಿಲವಾಗುತ್ತದೆಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಆಮ್ಲಕ್ಕೆ ಹೊರಹೋಗಲು ದಾರಿಯಿಲ್ಲ. ಹಾಗಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಪುಡಿಯೇ, ಬೆರೆಸಿದ ಹಾಳೆಯೊಂದನ್ನು ಜೊತೆಗಿಡಬೇಕು; ಕವರಿನ ಬಾಯಿಯನ್ನು ಅಂಟಿಸಬಾರದು.

ಅಲ್ಲಿಯವರೆಗೆ ನಾನು ಕೇಳಿಕೊಂಡದ್ದು ಯಾವ ಪ್ಲಾಸ್ಟಿಕ್ ಎಂದು. ಯಾರಿಗಾಗಿ ಎಂದು ಕೇಳಿಕೊಂಡಿರಲಿಲ್ಲ.

ಹಲಸೂರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕೆ.ಆರ್. ಪುರ ದಾಟಿ ಹೋದರೆ ವೈಟ್‌ಫೀಲ್ಡಿನಲ್ಲಿ ಕಾಮಿಕ್ ಕಾನ್ ನಡೆಯುತ್ತದೆ. ಅಣ್ಣನ ಮಗಳ ಜೊತೆ ಒಮ್ಮೆ ಹೋಗಿದ್ದೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲಾದ ಕಾಮಿಕ್ಸಿನ ಬಗ್ಗೆ ಅಲ್ಲಿಯ ಹುಡುಗರು ಬಹಳ ಭಕ್ತಿಯಿಂದ ಮಾತಾಡುತ್ತಿದ್ದರು. ಅಮೆರಿಕದ ಸಿಜಿಸಿ ಎಂಬ ಕಂಪನಿ ಪುಸ್ತಕಕ್ಕೆ ಹತ್ತರೊಳಗೆ ಅಂಕ ಕೊಟ್ಟು ಹೀಗೆ ಸೀಲು ಮಾಡುತ್ತದೆ. ಓದಬೇಕೆಂದು ಪೆಟ್ಟಿಗೆ ಒಡೆದರೆ ಆ ಅಂಕ ಲೆಕ್ಕಕ್ಕಿಲ್ಲ. ಮುಖಪುಟದ ಮೇಲೆ ಮಕ್ಕಳು ಹೆಸರು ಬರೆದಿದ್ದರೆ ಅದು ಸಾಮಾನ್ಯವಾಗಿ ದೋಷ. 1938ರಲ್ಲಿ ಹತ್ತು ಸೆಂಟಿಗೆ ಸಿಗುತ್ತಿದ್ದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅದು ಅಷ್ಟು ಅಪರೂಪವಾದದ್ದಾದರೂ ಹೇಗೆ? ಉಳಿದ ಪ್ರತಿಗಳನ್ನು ಮಕ್ಕಳು ಓದಿ ಓದಿ ಹರಿದರು, ಯುದ್ಧಕಾಲದಲ್ಲಿ ಹಳೇ ಕಾಗದದ ಜೊತೆ ಕೊಟ್ಟುಬಿಟ್ಟರು. ಓದಿಸಿಕೊಂಡ ಪುಸ್ತಕ ಸತ್ತಿತು, ಓದಿಸಿಕೊಳ್ಳದ್ದಕ್ಕೆ ಬೆಲೆ ಬಂತು.

ಹಾಗೆಂದು ಸಂಗ್ರಹಕಾರರನ್ನು ಹಳಿದು ಮುಗಿಸುವಂತಿಲ್ಲ. ಅಮರ ಚಿತ್ರ ಕಥೆ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ; ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಸಿಂಡ್ರೆಲಾದಂಥ ಪಶ್ಚಿಮದ ಕಥೆಗಳ ಹತ್ತು ಪುಸ್ತಕ ಆದ ಮೇಲೆ ‘ಕೃಷ್ಣ’ ಬಂತು. ಆದ್ದರಿಂದಲೇ ಅದರ ಸಂಖ್ಯೆ 11. ಆ ಮೊದಲ ಹತ್ತರಲ್ಲಿ ಒಂದು ನನ್ನ ಕೈಗೆ ಸಿಕ್ಕರೆ ಮಗುವಿನ ಕೈಗೆ ಕೊಡುತ್ತೇನೆಯೇ? ಕೊಡುವುದಿಲ್ಲ. ಪಾಲಿಯೆಸ್ಟರಿನಲ್ಲೇ ಇಡುತ್ತೇನೆ, ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಓದಲು ಕೊಡುತ್ತೇನೆ. ಬೆಲೆ ಹೆಚ್ಚೆಂದಲ್ಲ, ಇದು ಹೋದರೆ ಮತ್ತೊಂದು ಸಿಗುವ ಖಾತ್ರಿಯಿಲ್ಲವೆಂದು. ಅದನ್ನು ಕಾಯುವುದು ಇನ್ನೂ ಹುಟ್ಟದ ಓದುಗರಿಗಾಗಿ ಎನ್ನಬಹುದು. ಆದರೆ ‘ಮುಂದಿನವರಿಗಾಗಿ’ ಎನ್ನುವುದು ಬಹಳ ಅನುಕೂಲದ ಮಾತು. ಮುಂದಿನವರು ಬಂದಾಗಲೂ ಅವರ ಮುಂದಿನವರು ಇದ್ದೇ ಇರುತ್ತಾರೆ.

ನಮ್ಮ ಹಿರಿಯರು ಓಲೆಗರಿಗಳನ್ನು ಎರಡು ಮರದ ಹಲಗೆಗಳ ನಡುವೆ ಇಟ್ಟು, ದಾರ ಸುತ್ತಿ, ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಆಗಾಗ ಬಿಚ್ಚಿ ಎಣ್ಣೆ ಸವರಬೇಕು, ಶಿಥಿಲವಾದರೆ ಹೊಸ ಗರಿಗೆ ನಕಲು ಮಾಡಬೇಕು. ಹತ್ತನೇ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅವಳು ಒಂದೇ ಪ್ರತಿಗೆ ಒಳ್ಳೆಯ ಪೆಟ್ಟಿಗೆ ಮಾಡಿಸಿದ್ದರೆ ಏನಾಗುತ್ತಿತ್ತೋ! ನಾವು ಹುಡುಗರಾಗಿದ್ದಾಗಿನ ಬಾಡಿಗೆ ಲೈಬ್ರರಿಗಳದೂ ಒಂದು ದಾರಿಯಿತ್ತು: ಐದಾರು ಕಾಮಿಕ್ಸ್ ಸೇರಿಸಿ, ದಬ್ಬಳದಿಂದ ಹೊಲಿದು, ಅಂಚು ಕತ್ತರಿಸಿ, ರಟ್ಟು ಹಾಕಿ ಬೈಂಡು ಮಾಡುವುದು. ಸಂಗ್ರಹಕಾರರಿಗೆ ಅದು ಕೊಲೆ. ಆ ಪುಸ್ತಕಗಳನ್ನು ಎಷ್ಟು ಮಕ್ಕಳ ಕೈ ತಡೆದುಕೊಳ್ಳುವಂತೆ ಮಾಡಿದ್ದೂ ಆ ದಬ್ಬಳವೇ.

ಈಗ ನಲವತ್ತೆರಡು ಪುಸ್ತಕಗಳಿಗೆ ಪಾಲಿಪ್ರೊಪಿಲೀನ್ ಕವರು, ಹಿಂದೆ ಆಮ್ಲರಹಿತ ರಟ್ಟು. ಹರಿದದ್ದೊಂದಕ್ಕೆ ಮಾತ್ರ ಪಾಲಿಯೆಸ್ಟರ್. ಎಲ್ಲದರ ಬಾಯಿ ಬರೀ ಮಡಿಸಿದೆ, ಅಂಟಿಲ್ಲ. ಟ್ರಂಕು ಅಟ್ಟದಿಂದ ಕೆಳಗಿಳಿದು ನಡುಮನೆಗೆ ಬಂದಿದೆ. ಅಣ್ಣನ ಮಗಳು ರಜೆಯಲ್ಲಿ ಬಂದಾಗ ಒಂದೊಂದನ್ನೇ ತೆಗೆದು ನೆಲದ ಮೇಲೆ ಹರಡಿಕೊಂಡು ಓದುತ್ತಾಳೆ. ಹೋದ ಸಲ ಕೇಳಿದಳು, “ಅತ್ತೆ, ಅಪ್ಪನ ಹೆಸರಿನ ಕೆಳಗೆ ನಂದೂ ಬರೀಲಾ?” ಪೆನ್ಸಿಲಿನಲ್ಲಿ ಬರಿ ಎಂದೆ. ಅವಳಿಗೆ ಅದು ಹಿಡಿಸಲಿಲ್ಲ, “ಅಪ್ಪ ಪೆನ್ನಲ್ಲಿ ಬರ್ದಿದಾರಲ್ಲ” ಅಂದಳು. ನಾನಿನ್ನೂ ಉತ್ತರ ಕೊಟ್ಟಿಲ್ಲ.

ಆ ಎರಡು ಅಕ್ಷರ ಅಂಟಿರುವ ಪಿವಿಸಿ ತುಂಡು ಇದೆಯಲ್ಲ, ಅದನ್ನು ಟ್ರಂಕಿನಲ್ಲಿಡುವಂತಿಲ್ಲ, ಬೇರೆ ಪುಸ್ತಕಗಳನ್ನು ಕೆಡಿಸುತ್ತದೆ. ಎಸೆಯಲೂ ಆಗಲಿಲ್ಲ. ಒಂದು ಕಾಗದದ ಲಕೋಟೆಯಲ್ಲಿ ಹಾಕಿ ಮೇಜಿನ ಡ್ರಾಯರಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಮಳೆ ಹಿಡಿದಾಗ ಲಕೋಟೆ ಸ್ವಲ್ಪ ಜಿಡ್ಡಾಗುತ್ತದೆ. ಆಗ ಹೊಸ ಲಕೋಟೆಗೆ ಬದಲಾಯಿಸುತ್ತೇನೆ.