ಪಾದರಸ, ಚಿನ್ನ ಮತ್ತು ಸಿಂಡಿಕೇಟ್ ಬ್ಯಾಂಕು

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನು ಸೇರಿತು. ಜನ ಅದನ್ನು ‘ಮರ್ಜರ್’ ಎಂದರು, ಸರಕಾರದ ಕಾಗದ ‘ಅಮಾಲ್ಗಮೇಷನ್’ ಎಂದಿತು. ಮಣಿಪಾಲದ ಒಂದು ಮನೆಯ ಜಗಲಿಯಲ್ಲಿ ಈ ಎರಡನೆಯ ಪದಕ್ಕೇ ಚರ್ಚೆ ಹತ್ತಿಕೊಂಡಿತು. ದೊಡ್ಡಪ್ಪ ಸಿಂಡಿಕೇಟಿನಿಂದ ನಿವೃತ್ತರಾದವರು, ತಮ್ಮನ ಮಗಳು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳು.

“ಅಮಾಲ್ಗಂ ಅಂದರೆ ಪಾದರಸದಲ್ಲಿ ಬೇರೆ ಲೋಹ ಬೆರೆತದ್ದು,” ಎಂದಳು ಆಕೆ. “ಕೋಲಾರದ ಗಣಿಯಲ್ಲಿ ಅದಿರನ್ನು ಪುಡಿಮಾಡಿ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ನೀರಿನೊಡನೆ ಹರಿಸುತ್ತಿದ್ದರು. ಚಿನ್ನ ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಕಾಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಬೆರೆತದ್ದು ಕಳೆದುಹೋಗುವುದಿಲ್ಲ ದೊಡ್ಡಪ್ಪ.”

“ಹಾಗಾದರೆ ಆ ಪದ ನಮಗೆ ಹೊಂದುವುದಿಲ್ಲ ಮಾರಾಯ್ತಿ. ಸಾವಿರ ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಕೊಟ್ಟರು. 2021ರ ಜುಲೈಯಿಂದ ಹಳೆಯ ಐಎಫ್‌ಎಸ್‌ಸಿ ಕೋಡೂ ನಿಂತಿತು. ಎಷ್ಟು ಕಾಸಿದರೆ ಸಿಂಡಿಕೇಟ್ ಹೊರಗೆ ಬರುತ್ತದೆ?”

“ಠೇವಣಿ, ಸಾಲ, ನೌಕರರ ಸರ್ವಿಸು ಎಲ್ಲ ಮುಂದುವರಿಯಿತಲ್ಲ?”

“ಸ್ಕೀಮಿನ ಹೆಸರು ಓದು. 2019ರಲ್ಲಿ ವಿಜಯಾ, ದೇನಾ ಬ್ಯಾಂಕುಗಳನ್ನು ಬರೋಡಾ ಬ್ಯಾಂಕಿನ ‘ಜೊತೆ’ ಸೇರಿಸಿದರು. ನಮ್ಮನ್ನು ಕೆನರಾದ ‘ಒಳಗೆ’. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೆ 2017ರಲ್ಲಿ ‘ಸ್ವಾಧೀನ’ ಅಂತಲೇ ಬರೆದರು. ಮೂರು ಕಡೆಯೂ ಆದದ್ದು ಒಂದೇ.”

ನ್ಯಾಯ ಇಲ್ಲಿ ದೊಡ್ಡಪ್ಪನ ಕಡೆಗೇ ವಾಲುತ್ತದೆ. ಮೂರೂ ಸಲ ಒಂದೊಂದು ಬ್ಯಾಂಕಿನ ಹೆಸರು ಹಾಗೆಯೇ ಉಳಿಯಿತು, ಮಿಕ್ಕವುಗಳದು ಅಳಿಯಿತು. ‘ಒಳಗೆ’, ‘ಸ್ವಾಧೀನ’ ಎಂದವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಆಕೆ ಬಿಡಲಿಲ್ಲ. “1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರುಮಾಡಿದ್ದು ನೀವೇ. ಈಗ ಊರೂರಿನ ಸೊಸೈಟಿಗಳೂ ತಮ್ಮ ದಿನದ ಉಳಿತಾಯವನ್ನು ಪಿಗ್ಮಿ ಅನ್ನುತ್ತವೆ. ಚಿನ್ನ ಅದೇ ಅಲ್ಲವಾ?”

“ಅದು ಮರ್ಜರಿಗೆ ಎಷ್ಟೋ ಮೊದಲೇ ಊರಿನದಾಗಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಬೇಡ.”

“ಮಲ್ಪೆಯಲ್ಲಿ ಮೀನು ಮಾರುವವಳಿಗೆ ಮನೆಬಾಗಿಲಿಗೆ ಬರುವ ಏಜೆಂಟನೇ ಬ್ಯಾಂಕು. ಅವನು ನಾಳೆಯೂ ಬಂದರೆ ಅವಳ ಬ್ಯಾಂಕು ಇದೆ.”

ದೊಡ್ಡಪ್ಪ ತುಸು ಯೋಚಿಸಿ ಒಪ್ಪಿದರು. “ಅವಳ ಮಟ್ಟಿಗೆ ಇದೆ, ಸರಿ. ಆದರೆ 1925ರಲ್ಲಿ ಉಡುಪಿಯ ನೇಕಾರರ ಕಷ್ಟ ಕಂಡು ಊರಿನವರೇ ಕಟ್ಟಿದ್ದು ಇದು. ಅವಳಿಗೊಂದು ಹೊಸ ಸಾಲದ ಯೋಜನೆ ಬೇಕಾದರೆ ಮೊದಲು ಮಣಿಪಾಲದಲ್ಲೇ ತೀರ್ಮಾನವಾಗುತ್ತಿತ್ತು. ಈಗ ಬೆಂಗಳೂರಿನಲ್ಲಿ ಆಗಬೇಕು.”