ಒಲ್ಲದ ಮೌನ, ಆರದ ಮೌನ

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯ ಹೊಸ್ತಿಲು ದಾಟಿದೊಡನೆ ಮೂಕವಾಗುವುದುಂಟು. ಕಿವಿ ಚೆನ್ನಾಗಿದೆ, ಭಾಷೆ ಬರುತ್ತದೆ, ಪಾಠ ಅರ್ಥವಾಗುತ್ತದೆ. ಹಾಜರಿ ಕೂಗಿದಾಗ ಮಾತ್ರ ದನಿ ಹೊರಡದು. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಬಿಟ್ಟು, ಕನಿಷ್ಠ ಒಂದು ತಿಂಗಳು ಹೀಗೇ ನಡೆದು ಓದಿಗೋ ಒಡನಾಟಕ್ಕೋ ತೊಡಕಾದರೆ ಮನೋವೈದ್ಯರು ಇದನ್ನು ‘ಸೆಲೆಕ್ಟಿವ್ ಮ್ಯೂಟಿಸಂ’ ಎನ್ನುತ್ತಾರೆ. ಮಗು ಮಾತಾಡಲೊಲ್ಲದೋ, ಮಾತಾಡಲಾರದೋ? ಕನ್ನಡ ಈ ಎರಡನ್ನು ಬೇರೆಯಾಗಿಯೇ ಇಟ್ಟಿದೆ. ದೊಡ್ಡವರ ಸಿಟ್ಟು ಎರಡನ್ನೂ ಬೆರೆಸಿ ‘ಹಠ’ ಎಂದುಬಿಡುತ್ತದೆ.

ವೈದ್ಯಶಾಸ್ತ್ರವೂ ಬಹುಕಾಲ ಹಾಗೆಯೇ ಬಗೆದಿತ್ತು. 1877ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್ಮಾಲ್ ಇದಕ್ಕಿಟ್ಟ ಹೆಸರಿನಲ್ಲೇ ‘ಸ್ವಇಚ್ಛೆಯ’ ಎಂಬ ಅರ್ಥವಿತ್ತು. 1934ರಲ್ಲಿ ಮೊರಿಟ್ಸ್ ಟ್ರಾಮರ್ ಬಳಸಿದ ‘ಇಲೆಕ್ಟಿವ್’ ಎಂಬ ಪದದಲ್ಲೂ ಮಗುವೇ ಮೌನವನ್ನು ಆರಿಸಿಕೊಂಡಿದೆ ಎಂಬ ಧ್ವನಿ. 1994ರಲ್ಲಿ ಅಮೆರಿಕದ ಮನೋವೈದ್ಯಕೀಯ ಕೈಪಿಡಿ ‘ಸೆಲೆಕ್ಟಿವ್’ ಎಂದು ತಿದ್ದಿತು. 2013ರಲ್ಲಿ ಇದನ್ನು ಆತಂಕದ ಕಾಯಿಲೆಗಳ ಸಾಲಿಗೆ ಸೇರಿಸಿತು.

ಧರ್ಮಗಳು ಹೊಗಳುವ ಮೌನ ಬೇರೆಯದು. ಗೀತೆಯ 17ನೇ ಅಧ್ಯಾಯ ಮೌನವನ್ನು ಮಾನಸಿಕ ತಪಸ್ಸಿನಲ್ಲಿ ಎಣಿಸುತ್ತದೆ, ಜೈನರಿಗೆ ವಚನಗುಪ್ತಿ ಎಂಬ ಮಾತಿನ ಸಂಯಮವಿದೆ, ಗಾಂಧೀಜಿ ಸೋಮವಾರಗಳಂದು ಮಾತು ಬಿಡುತ್ತಿದ್ದರು. ಆಡಬಲ್ಲವನು ಆಡದಿದ್ದರೆ ಅದು ವ್ರತ. ಮಗುವಿನದು ವ್ರತವಲ್ಲ.

ಹಾಗೆಂದು ಯಾರೂ ಅದರ ಬಾಯಿ ಮುಚ್ಚಿಲ್ಲ. ಕಾರಣ ಒಳಗೇ ಇದೆ. ಅರಿಸ್ಟಾಟಲ್ ತನ್ನ ನೀತಿಗ್ರಂಥದ ಮೂರನೇ ಭಾಗದಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗಿನ ಸರಕನ್ನು ಸಮುದ್ರಕ್ಕೆಸೆಯುವವರ ಮಾತೆತ್ತುತ್ತಾನೆ. ಎಸೆಯುವುದು ಅವರದೇ ಕೈ, ಆದರೆ ಬೇಕೆಂದು ಎಸೆದದ್ದಲ್ಲ. ಮಗುವಿನ ಮೌನಕ್ಕೆ ಇಷ್ಟು ಹತ್ತಿರದ ಹೋಲಿಕೆ ಇನ್ನೊಂದು ಸಿಗುವುದು ಕಷ್ಟ. ಯಾರೋ ಪ್ರಶ್ನೆ ಕೇಳುತ್ತಾರೆ, ಭಯ ಏರುತ್ತದೆ, ಅಮ್ಮ ಮಧ್ಯೆ ಬಂದು ತಾನೇ ಉತ್ತರಿಸುತ್ತಾಳೆ, ಭಯ ಇಳಿಯುತ್ತದೆ. ಮೌನದಿಂದ ಹಗುರಾಯಿತೆಂದು ದೇಹ ಕಲಿಯುತ್ತದೆ. ಹಗುರಾದಷ್ಟೂ ಅಭ್ಯಾಸ ಬೇರೂರುತ್ತದೆ.

ವರ್ತನಾ ಚಿಕಿತ್ಸೆ ಬಿಡಿಸುವುದು ಈ ಗಂಟನ್ನೇ. ಖಾಲಿ ತರಗತಿಯಲ್ಲಿ ಅಮ್ಮ, ಮಗು ಆಡುತ್ತಾ ಮಾತಾಡುತ್ತಾರೆ. ಶಿಕ್ಷಕಿ ಮೊದಲು ಬಾಗಿಲಾಚೆ, ಆಮೇಲೆ ಬಾಗಿಲಲ್ಲಿ, ಇನ್ನೊಂದು ದಿನ ಪಕ್ಕದಲ್ಲಿ. ಕೊನೆಗೆ ಅಮ್ಮ ಸದ್ದಿಲ್ಲದೆ ಹೊರಗೆ ಸರಿಯುತ್ತಾಳೆ. ತಲೆಯಾಡಿಸುವುದರಿಂದ ಪಿಸುಮಾತಿಗೆ, ಅದರಿಂದ ಒಂದು ಪದಕ್ಕೆ ಬರುವುದೂ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಧೈರ್ಯದ ಕೆಲಸ ಮಾಡಿಯೇ ಧೀರರಾಗುತ್ತೇವೆ ಎಂದವನೂ ಅರಿಸ್ಟಾಟಲನೇ.

ಪ್ರತಿ ಮೆಟ್ಟಿಲಿಗೂ ಕೊಡುವ ಸ್ಟಿಕರ್ ಲಂಚವಲ್ಲವೇ ಎಂಬ ಆಕ್ಷೇಪವಿದೆ. ಮಾಡಬಲ್ಲವನು ಮಾಡದಿದ್ದಾಗ ಕೊಟ್ಟು ಮಾಡಿಸಿಕೊಳ್ಳುವುದು ಲಂಚ. ಇಲ್ಲಿ ಮೆಚ್ಚುಗೆ ಸಲ್ಲುವುದು ಭಯವನ್ನು ಒಂದಿಷ್ಟು ದಾಟಿದ್ದಕ್ಕೆ. ಎಲ್ಲರೆದುರು ‘ಮಾತಾಡು, ಚಾಕೊಲೇಟ್ ಕೊಡ್ತೀನಿ’ ಎನ್ನುವುದು ಮಾತ್ರ ಆರದ ಮಗುವನ್ನು ಒಲ್ಲದ ಮಗುವೆಂದೇ ಎಣಿಸುತ್ತದೆ. ಅದರಿಂದ ಭಯ ಇನ್ನಷ್ಟು ಏರುತ್ತದೆ.

ಪಳಗಿದವರು ‘ಹೌದಾ, ಅಲ್ವಾ’ ಎಂದು ಕೇಳುವುದಿಲ್ಲ, ಅದಕ್ಕೆ ತಲೆಯಾಡಿಸಿದರೆ ಸಾಕು. ‘ಬಾಳೆಹಣ್ಣೋ, ಸೇಬೋ?’ ಎಂದು ಕೇಳಿ, ಐದು ಸೆಕೆಂಡು ಸುಮ್ಮನೆ ಕಾಯುತ್ತಾರೆ.