ಹೋಗಿ ಬರುತ್ತೇನೆ



ಪ್ರಭುವಿನ ಸ್ವರ್ಗಾರೋಹಣದ ಹಬ್ಬವೂ ಪವಿತ್ರಾತ್ಮರ ಆಗಮನದ ಹಬ್ಬವೂ ಅನೇಕ ವರ್ಷಗಳಲ್ಲಿ, ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆಯುವ ಆಸುಪಾಸಿನಲ್ಲೇ ಬರುತ್ತವೆ. ಯಾರೂ ಲೆಕ್ಕ ಹಾಕಿ ಹೀಗೆ ಇಟ್ಟದ್ದಲ್ಲ. ಆದರೂ ದೇವಾಲಯದೊಳಗೆ ಪ್ರಭು ತಮ್ಮ ಶಿಷ್ಯರಿಂದ ಬೀಳ್ಕೊಳ್ಳುವ ವಾಚನವನ್ನು ಕೇಳಿದ ಅದೇ ವಾರ, ಪಕ್ಕದ ಶಾಲೆಯ ಗೇಟಿನಲ್ಲಿ ಅಮ್ಮನ ಸೆರಗು ಹಿಡಿದು ಅಳುವ ಮಗುವನ್ನೂ ನೋಡುತ್ತೇವೆ.

ಗುರುಮನೆಯ ಜಗಲಿಯಿಂದ ಈ ದೃಶ್ಯವನ್ನು ನಾನು ಅನೇಕ ವರ್ಷ ನೋಡಿದ್ದೇನೆ. ಗಾರ್ಮೆಂಟ್ಸ್ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿರುತ್ತದೆ. ಐದು ನಿಮಿಷ ತಡವಾದರೂ ಬಸ್ಸು ಹೋಗಿಬಿಡುತ್ತದೆ. ಪಾಪ, ಆ ತಾಯಿ ಏನು ಮಾಡಬೇಕು? "ಅಲ್ಲಿ ನೋಡು, ಅಳಿಲು" ಎಂದು ಬೆರಳು ತೋರಿಸುತ್ತಾಳೆ. ಮಗು ತಿರುಗಿ ನೋಡುವಷ್ಟರಲ್ಲಿ ಮಾಯವಾಗುತ್ತಾಳೆ. ಇನ್ನು ಕೆಲವರು, "ಅಂಗಡಿಗೆ ಹೋಗಿ ಚಾಕೊಲೇಟ್ ತರ್ತೀನಿ, ಇಲ್ಲೇ ಇರು" ಎನ್ನುತ್ತಾರೆ. ಆ ಮಗು ಮಧ್ಯಾಹ್ನದವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿರುತ್ತದೆ. ಅದು ಕಾಯುವುದು ಚಾಕೊಲೇಟಿಗಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ಒಂದು ಜೂನ್ ತಿಂಗಳಲ್ಲಿ ಹೀಗೆ ಒದ್ದಾಡುತ್ತಿದ್ದ ತಾಯಿಯೊಬ್ಬರಿಗೆ ನಾನೇ, "ನೀವು ಹಿಂದಿನ ಬಾಗಿಲಿನಿಂದ ಹೊರಟುಬಿಡಿ ಅಮ್ಮ, ಹತ್ತು ನಿಮಿಷದಲ್ಲಿ ಮರೆತುಬಿಡ್ತಾನೆ" ಎಂದು ಬುದ್ಧಿ ಹೇಳಿದೆ. ಎರಡು ದಿನ ಬಿಟ್ಟು ಆಕೆ ಬಂದು, "ಫಾದರ್, ಈಗ ಮನೇಲೂ ನನ್ನ ಬಿಡಲ್ಲ. ಬಚ್ಚಲಿಗೆ ಹೋದ್ರೂ ಬಾಗಿಲ ಹತ್ರಾನೇ ಕೂತಿರ್ತಾನೆ. ರಾತ್ರಿ ಎದ್ದೆದ್ದು ನನ್ನ ಮುಟ್ಟಿ ನೋಡ್ತಾನೆ" ಎಂದರು. ಅವನು ಮರೆತಿರಲಿಲ್ಲ. ಕಣ್ಣು ತಪ್ಪಿದರೆ ಅಮ್ಮ ಇಲ್ಲವಾಗುತ್ತಾಳೆ ಎಂದು ಕಲಿತುಕೊಂಡಿದ್ದ. ಅದನ್ನು ಕಲಿಸಿದವನು ನಾನು.

ಈಗ ಯೊವಾನ್ನರ ಶುಭಸಂದೇಶದ 13ನೆಯ ಅಧ್ಯಾಯದ ಕೊನೆಯಿಂದ ಮುಂದಕ್ಕೆ ಓದಿ ನೋಡಿ. ಕಡೆಯ ಭೋಜನದ ಆ ರಾತ್ರಿ ಶಿಷ್ಯರೂ ಮಕ್ಕಳಂತೆಯೇ ಕಳವಳಗೊಂಡಿದ್ದರು. ಒಬ್ಬರು ಎಲ್ಲಿಗೆ ಎಂದು ಕೇಳುತ್ತಾರೆ, ಇನ್ನೊಬ್ಬರು ದಾರಿಯೇ ಗೊತ್ತಿಲ್ಲ ಎನ್ನುತ್ತಾರೆ. ಯೇಸುಸ್ವಾಮಿ ಅವರ ಗಮನವನ್ನು ಬೇರೆಡೆಗೆ ಸೆಳೆದು ಜಾರಿಕೊಳ್ಳಲಿಲ್ಲ. ತಾವು ಹೋಗುವುದನ್ನು ಮುಂಚಿತವಾಗಿಯೇ ಹೇಳಿದರು. ಎಲ್ಲಿಗೆ, ಯಾಕೆ ಎಂದು ತಿಳಿಸಿದರು. ತಮ್ಮ ಬದಲಿಗೆ ಬಂದು ಜೊತೆಗಿರುವ ಪವಿತ್ರಾತ್ಮರನ್ನು ಪರಿಚಯಿಸಿದರು. ಹೋದವರು ಮತ್ತೆ ಬರುವುದಾಗಿಯೂ ಮಾತು ಕೊಟ್ಟರು. ಗೆತ್ಸೆಮನಿ ತೋಟದಲ್ಲಿ ಶಿಷ್ಯರು ನಿದ್ದೆ ಹೋದಾಗಲೂ ಅವರನ್ನು ಎಬ್ಬಿಸಿಯೇ ಮುಂದೆ ನಡೆದರು.

ನಮ್ಮ ಕನ್ನಡ ಮಾತಿನ ಸೊಗಸನ್ನು ಗಮನಿಸಿದ್ದೀರಾ? ಮನೆಯಿಂದ ಹೊರಡುವವರು "ಹೋಗುತ್ತೇನೆ" ಎಂದರೆ ಅಜ್ಜಿ ಗದರಿಸುತ್ತಾರೆ. "ಹೋಗಿ ಬರುತ್ತೇನೆ" ಎನ್ನಬೇಕು. ಪ್ರಭು ಆ ರಾತ್ರಿ ಹೇಳಿದ್ದರ ತಿರುಳೂ ಇದೇ. ನೆಂಟರ ಮನೆಯಲ್ಲಿ ತಪ್ಪದೆ ಆಡುವ ಈ ಮಾತನ್ನು ನಮ್ಮ ಮಗುವಿಗೆ ಮಾತ್ರ ಆಡದೆ ಹೊರಟುಬಿಡುತ್ತೇವೆ.

"ಚಿಕ್ಕ ಮಗು, ಅದಕ್ಕೇನು ತಿಳಿಯುತ್ತದೆ?" ಎನ್ನಬಹುದು. ಪರಮಪ್ರಸಾದದ ವಿಷಯದಲ್ಲೂ ಹಿಂದೆ ಹೀಗೆಯೇ ಹೇಳುತ್ತಿದ್ದರು. ಅನೇಕ ಕಡೆ 10, 12 ವರ್ಷದವರೆಗೆ ಮಕ್ಕಳು ಕಾಯಬೇಕಿತ್ತು. 1910ರಲ್ಲಿ ಪೋಪ್ ಸಂತ ಹತ್ತನೇ ಪಯಸ್‌ರವರು, ಸುಮಾರು 7 ವರ್ಷದ ಮಗುವಿಗೂ ಪ್ರಭುವನ್ನು ಬರಮಾಡಿಕೊಳ್ಳುವ ತಿಳಿವಳಿಕೆ ಇರುತ್ತದೆಂದು ಆಜ್ಞೆ ಹೊರಡಿಸಿದರು. ಇನ್ನೂ ಚಿಕ್ಕದಾದ ಮಗುವಿಗೆ ಗಡಿಯಾರ ತಿಳಿಯದು, ನಿಜ. ಆದ್ದರಿಂದ "ಮೂರೂವರೆಗೆ ಬರ್ತೀನಿ" ಎಂದರೆ ಪ್ರಯೋಜನವಿಲ್ಲ. "ಊಟ ಆದ್ಮೇಲೆ ಒಂದು ಆಟ, ಆಮೇಲೆ ಬೆಲ್ ಹೊಡೆಯುತ್ತೆ, ಆಗ ಅಜ್ಜಿ ಗೇಟಲ್ಲಿರ್ತಾರೆ" ಎನ್ನಿ. ಹೇಳಿದಂತೆ ಅಜ್ಜಿ ಅಲ್ಲಿರಲಿ. ತಡವಾದರೆ ಕಾರಣ ಹೇಳಿ, ಮಗುವಿನ ಕ್ಷಮೆ ಕೇಳಿ.

ಅಳದಿರುವ ಮಗುವಿನ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು, 8 ದಿನ ಆಸ್ಪತ್ರೆಯಲ್ಲಿದ್ದ 2 ವರ್ಷದ ಹೆಣ್ಣುಮಗುವೊಂದರ ಚಿತ್ರವನ್ನು 1952ರಲ್ಲಿ ವೈದ್ಯರ ಮುಂದೆ ತೋರಿಸಿದರು. ಆಗ ಅಲ್ಲಿ ತಂದೆತಾಯಿಯರ ಭೇಟಿಗೆ ಬಹಳ ಕಟ್ಟುಪಾಡುಗಳಿದ್ದವು. ಆ ಮಗು ಹೆಚ್ಚು ಅಳದೆ ಸುಮ್ಮನಿತ್ತು. ಆದರೆ ಆ ಮೌನ ಸಮಾಧಾನವಲ್ಲ, ನುಂಗಿಕೊಂಡ ದುಃಖ ಎಂದು ಅವರು ಎತ್ತಿ ತೋರಿಸಿದರು. ಕೆಲವರಿಗೆ ಸಿಟ್ಟೇ ಬಂತು. 1959ರಲ್ಲಿ ಅಲ್ಲಿನ ಸರಕಾರಿ ಸಮಿತಿಯೇ ತಂದೆತಾಯಿಯರನ್ನು ಧಾರಾಳವಾಗಿ ಬಿಡಬೇಕೆಂದು ಶಿಫಾರಸು ಮಾಡಿತು. ಮೂರನೆಯ ದಿನಕ್ಕೆ ಅಳು ನಿಂತರೆ "ಸರಿಹೋಯಿತು" ಎಂದು ಕೈತೊಳೆದುಕೊಳ್ಳಬೇಡಿ. ಊಟ ಮಾಡುತ್ತದೆಯೇ? ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದೆಯೇ? ನೋಡಿ.

ರಜೆಯ ಕಡೆಯ ವಾರವನ್ನು ಅಜ್ಜಿಯ ಊರಿನಲ್ಲೇ ಪೂರ್ತಿ ಮುಗಿಸಬೇಡಿ. ಹಲಸು, ಮಾವು, ಮದುವೆ ಊಟ, ನಡುರಾತ್ರಿಯವರೆಗಿನ ಆಟ ಎಲ್ಲ ಇರಲಿ, ಆದರೆ ನಾಲ್ಕು ದಿನ ಮೊದಲೇ ಮನೆಗೆ ಬಂದು ನಿದ್ದೆಯ ಹೊತ್ತನ್ನು ಸರಿಮಾಡಿ. ಒಂದು ಸಂಜೆ ಶಾಲೆಯವರೆಗೂ ನಡೆದುಹೋಗಿ ತರಗತಿ ಎಲ್ಲಿ, ನೀರು ಎಲ್ಲಿ ಎಂದು ತೋರಿಸಿ. ಮುಖ್ಯವಾಗಿ ಶೌಚಾಲಯ ತೋರಿಸಿ, ಮಿಸ್ಸನ್ನು ಹೇಗೆ ಕೇಳಬೇಕೆಂದೂ ಹೇಳಿಕೊಡಿ. ಎಷ್ಟೋ ಮಕ್ಕಳ ದೊಡ್ಡ ಹೆದರಿಕೆ ಅದೇ.

ಇನ್ನೊಂದು ಬೇಡಿಕೆ, ಇದು ನನ್ನ ಸ್ವಾರ್ಥವೂ ಹೌದು. "ಅತ್ತರೆ ಫಾದರ್ ಬರ್ತಾರೆ ನೋಡು, ಸಿಸ್ಟರ್ ಹತ್ರ ಹೇಳ್ತೀನಿ" ಎಂದು ದಯವಿಟ್ಟು ಹೆದರಿಸಬೇಡಿ. ಪ್ರಭು ಮಕ್ಕಳನ್ನು ಹತ್ತಿರ ಕರೆದು ಅಪ್ಪಿಕೊಂಡವರು. ಅವರ ಸೇವಕರನ್ನು ಗುಮ್ಮ ಮಾಡಿದರೆ, ಭಾನುವಾರ ಆ ಮಗು ಪೀಠದ ಕಡೆಗೆ ಯಾವ ಧೈರ್ಯದಿಂದ ನೋಡಬೇಕು?

ಐದನೆಯದಕ್ಕೋ ಎಂಟನೆಯದಕ್ಕೋ ಹಾಸ್ಟೆಲ್ ಸೇರುವ ಮಕ್ಕಳ ತಾಯಂದಿರು ಹನ್ನಳನ್ನು ನೆನೆಯಲಿ. ಮೊಲೆಬಿಟ್ಟ ಮಗು ಸಮುವೇಲನನ್ನು ಶಿಲೋವಿನ ದೇವಾಲಯದಲ್ಲಿ ಬಿಟ್ಟು ಬಂದವಳು ಆಕೆ. ವರ್ಷ ವರ್ಷವೂ ಒಂದು ಚಿಕ್ಕ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು. ಕಣ್ಣಮುಂದಿಲ್ಲದ ಮಗನ ತೋಳು ಈಗ ಎಷ್ಟುದ್ದ ಬೆಳೆದಿರಬಹುದೆಂದು ಮನಸ್ಸಿನಲ್ಲೇ ಅಳೆದು ಹೊಲಿದಿರಬೇಕು.

ತಂದೆಯರಿಗೂ ಹೇಳಬೇಕು. ಗೇಟಿನ ಬಳಿ ನೀವು ಕಾಣುವುದೇ ಕಡಿಮೆ, ಬಂದವರೂ ಬೈಕಿನ ಎಂಜಿನ್ ಆರಿಸುವುದಿಲ್ಲ. ಲೂಕರು ಬರೆಯುವಂತೆ ಪ್ರಭು ಬೆಥಾನಿಯದಲ್ಲಿ ಕೈಗಳನ್ನೆತ್ತಿ ಶಿಷ್ಯರನ್ನು ಆಶೀರ್ವದಿಸುತ್ತಲೇ ಅವರಿಂದ ಅಗಲಿದರು. ಇಳಿದು, ಮಗುವಿನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿ. ಅರ್ಧ ನಿಮಿಷ ಸಾಕು.

ಆ ತಾಯಿಗೆ ನನ್ನ ಮಾತನ್ನು ಹಿಂತೆಗೆದುಕೊಂಡೆ. ಮರುದಿನದಿಂದ ಆಕೆ ಹತ್ತು ನಿಮಿಷ ಮೊದಲೇ ಬಂದು, ಮಂಡಿಯೂರಿ ಮಗನ ಮುಖ ನೋಡಿ, ಹಣೆಗೆ ಶಿಲುಬೆ ಹಾಕಿ, "ಹೋಗಿ ಬರ್ತೀನಿ ಕಂದ, ಬೆಲ್ ಆದ್ಮೇಲೆ ಅಜ್ಜಿ ಬರ್ತಾರೆ" ಎಂದು ನೇರವಾಗಿ ಹೇಳತೊಡಗಿದರು. ಮೊದಲ ದಿನಗಳಲ್ಲಿ ಅವನು ಇನ್ನೂ ಜೋರಾಗಿ ಅತ್ತ. ಆ ತಿಂಗಳ ಪ್ರತಿ ಸೋಮವಾರವೂ ಅತ್ತ. ಜುಲೈಯ ಒಂದು ಬೆಳಿಗ್ಗೆ ಹಾರ್ನ್ ಕೇಳಿದರೂ ಆಕೆ ಅವನ ಕೈ ಹಿಡಿದು ನಿಂತೇ ಇದ್ದರು.

"ಅಮ್ಮ, ಬಸ್ಸು ಬಂತು. ಹೋಗಿ ಬಾ" ಎಂದ.